ಕರೆಂಟ್ ಮುಗಿದ ಮೇಲೂ ಮಿದುಳಿನಲ್ಲಿ ನಡೆಯುವುದೇನು?

“ಕರೆಂಟ್ ಮುಗಿದು ತಿಂಗಳ ಮೇಲಾಯ್ತು ಡಾಕ್ಟ್ರೇ. ಆಗ ಚೆನ್ನಾಗೇ ಓಡಾಡ್ಕೊಂಡಿದ್ರು. ಈಗ ನೋಡಿದ್ರೆ ಊಟಕ್ಕೆ ಎಬ್ಬಿಸಿದ್ರೂ ಏಳಲ್ಲ, ಮಾತಾಡ್ತಾ ಮಾತಾಡ್ತಾನೇ ನಿದ್ದೆಗೆ ಜಾರ್ತಾರೆ.” ಮಿದುಳಿನ ಗಡ್ಡೆಗೆ ರೇಡಿಯೊಥೆರಪಿ ಮಾಡಿಸಿಕೊಂಡವರ ಮನೆಯವರು ಫಾಲೋಅಪ್‌ಗೆ ಬಂದಾಗ ಇಂಥ ಮಾತು ಹೇಳುವುದುಂಟು. ಅದರ ಬೆನ್ನಿಗೇ ಬರುವ ಪ್ರಶ್ನೆ: ಗಡ್ಡೆ ಮತ್ತೆ ಬಂತಾ?

ಬಂದಿರಬಹುದು, ಬಾರದೆಯೂ ಇರಬಹುದು. ಕಿರಣ ತಲೆಯೊಳಗೆ ಹಾದುಹೋಗುವುದಕ್ಕೆ ಕೆಲವು ನಿಮಿಷ ಸಾಕು. ಅದು ಎಬ್ಬಿಸಿದ ಗದ್ದಲ ತಣ್ಣಗಾಗುವುದಕ್ಕೆ ತಿಂಗಳುಗಳು ಬೇಕು, ಕೆಲವರಲ್ಲಿ ವರ್ಷಗಳೇ ಬೇಕು. ಅಷ್ಟು ಕಾಲವೂ ಮಿದುಳಿನ ಜೀವಕೋಶಗಳಲ್ಲಿ ಕೆಲವು ವಂಶವಾಹಿಗಳು ಕೆಲಸಕ್ಕೆ ಇಳಿದಿರುತ್ತವೆ, ಕೆಲವು ಬಾಯಿ ಮುಚ್ಚಿಕೊಂಡಿರುತ್ತವೆ. ಊತ, ನಿದ್ದೆ, ಮರೆವು, ಗಾಬರಿ ಹುಟ್ಟಿಸುವ ಎಂಆರ್‌ಐ ರಿಪೋರ್ಟು, ಇವುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಂದಲೇ. ಯಾವುದು ಯಾವಾಗ ಬರುತ್ತದೆ ಎಂಬ ಲೆಕ್ಕ ಗೊತ್ತಿದ್ದರೆ ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು, ಯಾವುದಕ್ಕೆ ಕಾಯಬೇಕು ಎನ್ನುವುದು ಮನೆಯವರಿಗೆ ತಿಳಿಯುತ್ತದೆ. ಡಾಕ್ಟರು ಐದು ನಿಮಿಷದ ಒಪಿಡಿಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲಾರರು.

ಮಾಸ್ಕ್ ಮಾಡಿಸುವ ಮೊದಲು

ನಮ್ಮಲ್ಲಿ ‘ಕರೆಂಟ್ ಕೊಡುವುದು’ ಎಂದೇ ಹೆಸರಾದ ಈ ಚಿಕಿತ್ಸೆಯಲ್ಲಿ ಮೈಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಶಾಕ್ ಹೊಡೆಯುವುದಿಲ್ಲ. ಲಿನಾಕ್ ಎಂಬ ಯಂತ್ರದಿಂದ ಹೊರಡುವ ಬಲವಾದ ಎಕ್ಸ್-ರೇ ಅದು. ನೋವೂ ಇಲ್ಲ. ಕೆಲವರಿಗೆ ಕಣ್ಣು ಮುಚ್ಚಿದ್ದರೂ ನೀಲಿ ಬೆಳಕು ಮಿಂಚುತ್ತದೆ, ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯುತ್ತದೆ. ಹೆದರಬೇಕಾಗಿಲ್ಲ. ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಮನೆಗೆ ಬಂದು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು.

ಜಾಲರಿಯಂಥ ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಮೂಗು, ಗಲ್ಲ, ಹಣೆಯ ಅಚ್ಚಿನಲ್ಲಿ ಗಟ್ಟಿಯಾಗುತ್ತದೆ. ಪ್ರತಿದಿನ ಇದೇ ಮಾಸ್ಕ್ ಹಾಕಿ ತಲೆಯನ್ನು ಮೇಜಿಗೆ ಬಿಗಿಯುತ್ತಾರೆ, ಕಿರಣ ಮಿಲಿಮೀಟರ್ ಲೆಕ್ಕದಲ್ಲಿ ಅದೇ ಜಾಗಕ್ಕೆ ಬೀಳಬೇಕಲ್ಲ. ಹಾಗಾಗಿ ಕೂದಲು ತೆಗೆಸುವುದಿದ್ದರೆ ಮಾಸ್ಕ್ ಮಾಡಿಸುವ ಮೊದಲೇ ತೆಗೆಸಿ. ಆಮೇಲೆ ಬೋಳಿಸಿದರೆ ಮಾಸ್ಕ್ ಸಡಿಲವಾಗುತ್ತದೆ. ಮುಡಿಯ ಹರಕೆ ಇದ್ದರೂ ಅಷ್ಟೇ, ಮೊದಲೇ ತೀರಿಸಿ ಬನ್ನಿ. ಮೂರನೇ ವಾರದ ಹೊತ್ತಿಗೆ ಇದಕ್ಕೆ ಉಲ್ಟಾ ತೊಂದರೆಯೂ ಬರಬಹುದು: ಮಿದುಳಿನ ಊತಕ್ಕೆ ಕೊಡುವ ಸ್ಟೆರಾಯ್ಡ್‌ನಿಂದ ಮುಖ ಊದಿಕೊಂಡು ಮಾಸ್ಕ್ ಕೆನ್ನೆಗೆ ಕಚ್ಚುತ್ತದೆ, ಜಾಲರಿಯ ಗುರುತು ಗಂಟೆಗಟ್ಟಲೆ ಉಳಿಯುತ್ತದೆ. ಇನ್ನೆರಡು ವಾರ ತಾನೇ ಎಂದು ಹಲ್ಲು ಕಚ್ಚಿಕೊಂಡು ಮಲಗಬೇಡಿ. ಟೆಕ್ನಿಶಿಯನ್‌ಗೆ ಹೇಳಿದರೆ ಸರಿಮಾಡುತ್ತಾರೆ, ಬೇಕಾದರೆ ಹೊಸದನ್ನೇ ಮಾಡುತ್ತಾರೆ.

ವಿಕಿರಣದ ಪ್ರಮಾಣವನ್ನು ಅಳೆಯುವುದು ‘ಗ್ರೇ’ ಲೆಕ್ಕದಲ್ಲಿ. ಗ್ಲಿಯೋಬ್ಲಾಸ್ಟೋಮಾ ಎಂಬ ಗಡ್ಡೆಗೆ ಸಾಮಾನ್ಯವಾಗಿ 60 ಗ್ರೇ, ದಿನಕ್ಕೆ 2ರಂತೆ 30 ಕಂತು. ಸೋಮವಾರದಿಂದ ಶುಕ್ರವಾರ, ಆರು ವಾರ. ಜೊತೆಗೆ ಟೆಮೊಜೊಲೊಮೈಡ್ ಕ್ಯಾಪ್ಸೂಲ್. ಈ ಜೋಡಿ ಚಿಕಿತ್ಸೆಯಿಂದ ಎರಡು ವರ್ಷ ಬದುಕುಳಿಯುವವರ ಪ್ರಮಾಣ ಶೇ. 10ರಿಂದ 26ಕ್ಕೆ ಏರುತ್ತದೆಂದು ರೋಜರ್ ಸ್ಟಪ್ ಅವರ ತಂಡ 2005ರಲ್ಲಿ ತೋರಿಸಿತು. ಶ್ವಾಸಕೋಶ, ಸ್ತನ ಮೊದಲಾದ ಕಡೆಯ ಕ್ಯಾನ್ಸರ್ ತಲೆಗೆ ಹರಡಿ, ಇಡೀ ಮಿದುಳಿಗೆ ಕೊಡಬೇಕಾಗಿ ಬಂದಾಗ 10 ಕಂತಿನಲ್ಲಿ 30 ಗ್ರೇ ಕೊಡುವುದು ವಾಡಿಕೆ.

ಡಿಎನ್‌ಎ ತುಂಡಾದಾಗ

ಒಂದು ಗ್ರೇ ವಿಕಿರಣ ಬಿದ್ದರೆ ಪ್ರತಿ ಜೀವಕೋಶದ ಡಿಎನ್‌ಎಯಲ್ಲಿ ಹೆಚ್ಚುಕಡಿಮೆ ಸಾವಿರ ಕಡೆ ಒಂದೆಳೆ ತುಂಡಾಗುತ್ತದೆ, 35–40 ಕಡೆ ಎರಡೂ ಎಳೆ ಒಟ್ಟಿಗೇ ತುಂಡಾಗುತ್ತವೆ. ಒಂದೆಳೆ ತುಂಡಾದರೆ ಕೋಶಕ್ಕೆ ಅದು ಲೆಕ್ಕಕ್ಕೇ ಇಲ್ಲ. ಎರಡೂ ತುಂಡಾದರೆ ಜೀವಕ್ಕೇ ಬಂತು. ನಿಮಿಷಗಳೊಳಗೆ ಆ ಜಾಗದ ಸುತ್ತ ಗುರುತು ಬೀಳುತ್ತದೆ, ಎಟಿಎಂ ಎಂಬ ಪ್ರೋಟೀನು ಎಚ್ಚೆತ್ತು ಪಿ53 ಎಂಬ ಇನ್ನೊಂದನ್ನು ಎಬ್ಬಿಸುತ್ತದೆ. ಪಿ53 ವಂಶವಾಹಿಗಳ ಮೇಲೇ ಅಧಿಕಾರ ನಡೆಸುವ ಪ್ರೋಟೀನು: ರಿಪೇರಿ ಮುಗಿಯುವ ತನಕ ಕೋಶ ಒಡೆದು ಎರಡಾಗದಂತೆ ತಡೆಯುತ್ತದೆ, ರಿಪೇರಿ ಆಗದಿದ್ದರೆ ಸಾಯುವಂತೆ ಮಾಡುತ್ತದೆ. ಆರೋಗ್ಯವಂತ ಕೋಶಗಳು ಮರುದಿನದೊಳಗೆ ಬಹುಪಾಲು ರಿಪೇರಿ ಮುಗಿಸುತ್ತವೆ. ಗಡ್ಡೆಯ ಕೋಶಗಳು ಈ ಕೆಲಸದಲ್ಲಿ ಹಿಂದೆ. ಒಂದೇ ದಿನ ಕೊಟ್ಟು ಮುಗಿಸದೆ ಕಂತಿನಲ್ಲಿ ಕೊಡುವುದು ಇದಕ್ಕೇ.

ಇಷ್ಟೇ ಆಗಿದ್ದರೆ ಎಲ್ಲವೂ ಆರು ವಾರಕ್ಕೆ ಮುಗಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ಉರಿಯೂತದ ಸರಣಿಯೂ ಶುರುವಾಗುತ್ತದೆ. ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನನ್ನು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ 1986ರಲ್ಲಿ ಗುರುತಿಸಿದರು. ಮಾಮೂಲಿ ದಿನಗಳಲ್ಲಿ ಇನ್ನೊಂದು ಪ್ರೋಟೀನು ಇದನ್ನು ಕೋಶಕೇಂದ್ರದ ಹೊರಗೇ ಹಿಡಿದಿಟ್ಟಿರುತ್ತದೆ. ಡಿಎನ್‌ಎ ತುಂಡಾದ ಸುದ್ದಿ ಬಂತೆಂದರೆ ಆ ಹಿಡಿತ ಬಿಡುತ್ತದೆ. ಎನ್‌ಎಫ್-ಕಪ್ಪಾಬಿ ಒಳಗೆ ನುಗ್ಗಿ ಡಿಎನ್‌ಎಯ ಗೊತ್ತಾದ ಜಾಗಗಳಲ್ಲಿ ಕೂತು, ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ರಾಸಾಯನಿಕಗಳ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಇಲಿಗಳ ಮಿದುಳಿನಲ್ಲಿ ಇವು ಕೆಲವೇ ಗಂಟೆಯಲ್ಲಿ ಏರುವುದನ್ನು ಕಂಡಿದ್ದಾರೆ.

ಈ ಸುದ್ದಿಗೆ ಮೊದಲು ಓಗೊಡುವುದು ಮೈಕ್ರೋಗ್ಲಿಯಾ. ಸ್ಪೇನಿನ ಪಿಯೊ ಡೆಲ್ ರಿಯೊ ಓರ್ತೆಗಾ 1919ರಲ್ಲಿ ಬೇರ್ಪಡಿಸಿ ವಿವರಿಸಿದ ಈ ಪುಟ್ಟ ಕೋಶಗಳು ಊರಿನ ತಳವಾರನ ಹಾಗೆ ಸದಾ ಗಸ್ತಿನಲ್ಲಿರುತ್ತವೆ. ಏನಾದರೂ ಕೆಟ್ಟದ್ದು ಕಂಡರೆ ಡಂಗೂರ ಹೊಡೆದು ನಾಲ್ಕು ಜನರನ್ನು ಸೇರಿಸುತ್ತವೆ. ವಿಕಿರಣ ಬಿದ್ದ ಮಿದುಳಿನಲ್ಲಿ ತೊಂದರೆಯೇನೆಂದರೆ, ಕಳ್ಳ ಹೋಗಿ ಎಷ್ಟೋ ದಿನವಾದರೂ ಡಂಗೂರ ನಿಲ್ಲುವುದಿಲ್ಲ. ರಕ್ತದಿಂದ ಬಿಳಿಕೋಶಗಳು ಬಂದು ಸೇರುತ್ತವೆ. ರಕ್ತನಾಳದ ಒಳಪದರದ ಕೋಶಗಳು ಸತ್ತು, ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆ ಸೋರತೊಡಗುತ್ತದೆ. ನೀರು ಇಳಿದು ಊತವಾಗುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲವಲ್ಲ, ಹಾಗಾಗಿ ತಲೆನೋವು, ವಾಂತಿ, ಮಂಪರು.

ವಂಶವಾಹಿಯ ಅಕ್ಷರಗಳು ಹಾಗೇ ಇದ್ದರೂ ಅದರ ಮೇಲೆ ಅಂಟಿಕೊಳ್ಳುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಬದಲಾಗಿ, ಅದು ಬಾಯಿ ಮುಚ್ಚಬಹುದು ಅಥವಾ ತೆರೆಯಬಹುದು. ವಿಕಿರಣದ ನಂತರ ಈ ಗುರುತುಗಳು ಜಾಗ ಬದಲಿಸುವುದನ್ನು ಪ್ರಾಣಿಗಳ ಅಧ್ಯಯನಗಳು ತೋರಿಸಿವೆ. ಡಿಎನ್‌ಎ ರಿಪೇರಿಯಾದ ಮೇಲೂ ಕೋಶದ ನಡವಳಿಕೆ ಮೊದಲಿನಂತಾಗದೆ ಇರುವುದಕ್ಕೆ ಇದೂ ಒಂದು ಕಾರಣ.

ವೈದ್ಯರು ಈ ಪರಿಣಾಮಗಳನ್ನು ಮೂರು ಕಾಲವಾಗಿ ನೋಡುತ್ತಾರೆ. ಚಿಕಿತ್ಸೆ ನಡೆಯುವಾಗಿನ ತಲೆನೋವು, ವಾಕರಿಕೆ, ಎರಡು ಮೂರು ವಾರಕ್ಕೆ ಶುರುವಾಗುವ ಕೂದಲುದುರುವಿಕೆ ಮೊದಲನೆಯದು. ಮುಗಿದ ಒಂದರಿಂದ ಆರು ತಿಂಗಳೊಳಗೆ ಬರುವುದು ಎರಡನೆಯದು. ಮೇಲೆ ಹೇಳಿದ ಅತಿ ನಿದ್ದೆ, ಅತಿ ಸುಸ್ತು ಇಲ್ಲಿ ಬೀಳುತ್ತವೆ. ನರತಂತುಗಳ ಮೇಲಿನ ಕೊಬ್ಬಿನ ಹೊದಿಕೆ ತಾತ್ಕಾಲಿಕವಾಗಿ ತೆಳ್ಳಗಾಗುವುದು ಇದಕ್ಕೆ ಕಾರಣವೆಂದು ತಿಳಿಯಲಾಗಿದೆ, ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಆರು ತಿಂಗಳು ದಾಟಿದ ಮೇಲೆ ಬರುವುದು ಮೂರನೆಯದು, ಅದರ ಮಾತು ಆಮೇಲೆ. ನಿದ್ದೆಯ ಜೊತೆಗೆ ಬೆಳಗಿನ ಹೊತ್ತು ಜೋರು ತಲೆನೋವು, ವಾಂತಿ, ಕೈಕಾಲು ಬಲ ಕಡಿಮೆಯಾಗುವುದು, ಮಾತು ತೊದಲುವುದು, ಹೊಸದಾಗಿ ಫಿಟ್ಸ್, ಜ್ವರ ಇವುಗಳಲ್ಲಿ ಯಾವುದೇ ಕಂಡರೂ ಕಾಯಬೇಡಿ, ಅವತ್ತೇ ತೋರಿಸಿ.

ಡೆಕ್ಸಾ ಎಂಬ ಪುಟ್ಟ ಮಾತ್ರೆ

ಮಿದುಳಿನ ಊತಕ್ಕೆ ಬರೆದುಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಅಗ್ಗದ ಮಾತ್ರೆ, ಹಳೆಯ ಮಾತ್ರೆ. ಇಷ್ಟು ಬೇಗ ಗುಣ ತೋರುವ ಔಷಧಿಗಳೂ ಕಡಿಮೆ, ಮನೆಯಲ್ಲಿ ಇಷ್ಟು ತಪ್ಪಾಗಿ ಬಳಕೆಯಾಗುವಂಥವೂ ಕಡಿಮೆ. ಇದು ಕೆಲಸ ಮಾಡುವುದೂ ವಂಶವಾಹಿಗಳ ಮಟ್ಟದಲ್ಲೇ. ಕೋಶದೊಳಗೆ ಹೋಗಿ ಎನ್‌ಎಫ್-ಕಪ್ಪಾಬಿಯ ಕೈ ಕಟ್ಟಿಹಾಕುತ್ತದೆ, ರಕ್ತನಾಳ ಸೋರುವಂತೆ ಮಾಡುವ ವಿಇಜಿಎಫ್ ಎಂಬ ಪ್ರೋಟೀನಿನ ತಯಾರಿಯನ್ನು ತಗ್ಗಿಸುತ್ತದೆ. ಒಂದೆರಡು ದಿನದಲ್ಲಿ ತಲೆನೋವು ಇಳಿದು ಮುಖದಲ್ಲಿ ಕಳೆ ಬರುತ್ತದೆ. ಆಗಲೇ ತಪ್ಪುಗಳು ಶುರು.

ಮೊದಲನೆಯದು, ಚೆನ್ನಾಗಿದ್ದಾರಲ್ಲ ಎಂದು ಥಟ್ಟನೆ ನಿಲ್ಲಿಸುವುದು. ಎರಡು ಮೂರು ವಾರ ಈ ಮಾತ್ರೆ ನುಂಗಿದವರ ಅಡ್ರಿನಲ್ ಗ್ರಂಥಿ ತನ್ನ ಸ್ವಂತ ಸ್ಟೆರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಬೀಳಬಹುದು, ವಾಂತಿ, ಕೀಲುನೋವು, ಏಳಲಾಗದ ಸುಸ್ತು ಬರಬಹುದು, ಊತವೂ ಮರಳಬಹುದು. ಡಾಕ್ಟರು ಬರೆದುಕೊಟ್ಟ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಊರಿಗೆ ಹೊರಡುವಾಗ ಮಾತ್ರೆ ಮುಗಿಯುವ ದಿನ ಯಾವುದು ಎಂದು ಎಣಿಸಿಕೊಂಡೇ ಹೊರಡಿ.

ಎರಡನೆಯದು ಇದಕ್ಕೆ ಉಲ್ಟಾ: ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ಅದೇ ಡೋಸನ್ನು ತರಿಸಿಕೊಳ್ಳುವುದು. ಇದರ ಗುರುತು ಮೊದಲು ಕಾಣಿಸುವುದು ಬಚ್ಚಲಮನೆಯಲ್ಲಿ. ನಡೆಯುವುದಕ್ಕೆ ತೊಂದರೆಯಿಲ್ಲ, ಕೈ ಹಿಡಿತ ಗಟ್ಟಿಯೇ ಇದೆ, ಆದರೆ ಕುಕ್ಕರಗಾಲಿನಲ್ಲಿ ಕೂತವರಿಗೆ ಏಳಲಾಗುವುದಿಲ್ಲ. ಗೋಡೆ ಹಿಡಿಯುತ್ತಾರೆ, ಬಕೆಟ್ ಊರುತ್ತಾರೆ, ಕೊನೆಗೆ ಮನೆಯವರನ್ನು ಕೂಗುತ್ತಾರೆ. ಗಡ್ಡೆ ಕಾಲಿಗಿಳಿದಿದೆ ಎಂದು ಮನೆಯವರ ಭಯ. ನಿಜಕ್ಕೂ ಅದು ತೊಡೆ, ಸೊಂಟದ ಸ್ನಾಯುಗಳನ್ನು ಸ್ಟೆರಾಯ್ಡ್ ಸವೆಸಿದ್ದರಿಂದಲೂ ಆಗುತ್ತದೆ. ಡೋಸ್ ಇಳಿದಂತೆ ನಿಧಾನವಾಗಿ ಬಲ ಮರಳುತ್ತದೆ. ಅಷ್ಟರವರೆಗೆ ಕಮೋಡ್ ಕುರ್ಚಿಯೊಂದನ್ನು ಬಾಡಿಗೆಗೆ ತಂದರೂ ಸಾಕು, ಬೀಳುವುದು ತಪ್ಪುತ್ತದೆ.

ಉಳಿದವು ಚಿಕ್ಕ ಸಂಗತಿಗಳು, ಆದರೆ ದಿನಾ ಬೇಕಾದವು. ಮಾತ್ರೆ ತಿಂಡಿ ಆದ ಮೇಲೆ. ಎರಡು ಹೊತ್ತು ಬರೆದಿದ್ದರೆ ಎರಡನೆಯದನ್ನು ರಾತ್ರಿಯ ಬದಲು ಮಧ್ಯಾಹ್ನಕ್ಕೇ ತೆಗೆದುಕೊಳ್ಳಬಹುದೇ ಎಂದು ಕೇಳಿ. ಇದರ ಪರಿಣಾಮ ಒಂದೂವರೆ ದಿನಕ್ಕೂ ಹೆಚ್ಚು ಇರುತ್ತದೆ, ರಾತ್ರಿ ನುಂಗಿದರೆ ಕೆಡುವುದು ನಿದ್ದೆ ಮಾತ್ರ. ಶುಗರ್ ಇಲ್ಲದವರಿಗೂ ಏರುತ್ತದೆ, ಇದ್ದವರಿಗೆ ವಿಪರೀತ ಏರುತ್ತದೆ, ಗ್ಲುಕೋಮೀಟರ್ ಇಟ್ಟುಕೊಳ್ಳಿ. ನಾಲಿಗೆಯ ಮೇಲೆ ಮೊಸರಿನಂಥ ಬಿಳಿ ಪದರ ಕಂಡರೆ ಅದು ಫಂಗಸ್, ಔಷಧಿ ಇದೆ. ಸಿಡುಕು, ಅಳು, ಮಧ್ಯರಾತ್ರಿ ಎದ್ದು ತಿಂಡಿ ಹುಡುಕುವುದು, ಇವು ಎಷ್ಟೋ ಸಲ ಮಾತ್ರೆಯ ಗುಣ, ಅವರನ್ನು ಬೈಯಬೇಡಿ. ಹಿಂದೆ ಟಿಬಿ ಆಗಿದ್ದರೆ ಅದನ್ನು ತಪ್ಪದೆ ಹೇಳಿ. ಊತದ ಲಕ್ಷಣವೇ ಇಲ್ಲದವರಿಗೆ ‘ಇರಲಿ’ ಎಂದು ಈ ಮಾತ್ರೆ ಬೇಕಾಗುವುದಿಲ್ಲ.

ಮೊದಲ ಎಂಆರ್‌ಐ

ಚಿಕಿತ್ಸೆ ಮುಗಿದು ಸುಮಾರು ನಾಲ್ಕು ವಾರಕ್ಕೆ ತೆಗೆಸುವ ಎಂಆರ್‌ಐ ರಿಪೋರ್ಟಿನಲ್ಲಿ ಗಡ್ಡೆ ದೊಡ್ಡದಾಗಿದೆ ಎಂದು ಬರೆದಿರಬಹುದು. ಇಲ್ಲಿ ಎಷ್ಟೋ ಮನೆಗಳು ಕುಸಿದು ಕೂರುತ್ತವೆ, ಕೆಲವರು ಚಿಕಿತ್ಸೆಯನ್ನೇ ಬಿಟ್ಟು ನಾಟಿ ಔಷಧಿಗೆ ಹೊರಡುತ್ತಾರೆ. ಎಂಆರ್‌ಐಯಲ್ಲಿ ಬೆಳ್ಳಗೆ ಹೊಳೆಯುವುದು ರಕ್ತನಾಳದಿಂದ ಸೋರಿದ ಕಾಂಟ್ರಾಸ್ಟ್ ದ್ರವ. ಗಡ್ಡೆ ಬೆಳೆದಾಗಲೂ ಅದು ಸೋರುತ್ತದೆ, ಉರಿಯೂತದಿಂದ ತಡೆಗೋಡೆ ಸಡಿಲವಾದಾಗಲೂ ಸೋರುತ್ತದೆ. ಎರಡನೆಯದನ್ನು ವೈದ್ಯರು ‘ಸೂಡೊಪ್ರೊಗ್ರೆಶನ್’ ಎನ್ನುತ್ತಾರೆ. ಬೆಳೆದಂತೆ ಕಾಣುತ್ತದೆ, ಬೆಳೆದಿರುವುದಿಲ್ಲ.

ಹಾಗಾಗಿ 2010ರಲ್ಲಿ ನರಕ್ಯಾನ್ಸರ್ ತಜ್ಞರು ಒಟ್ಟಾಗಿ ರೂಪಿಸಿದ ರಾನೊ ಮಾನದಂಡಗಳು ಒಂದು ಎಚ್ಚರಿಕೆ ಹಾಕಿದವು: ಚಿಕಿತ್ಸೆ ಮುಗಿದ ಮೊದಲ 12 ವಾರದಲ್ಲಿ, ಹೆಚ್ಚು ಕಿರಣ ಬಿದ್ದ ಜಾಗದ ಹೊರಗೆ ಹೊಸದಾಗಿ ಕಾಣಿಸಿಕೊಂಡರೆ ಅಥವಾ ಬಯಾಪ್ಸಿಯಲ್ಲಿ ಸಾಬೀತಾದರೆ ಮಾತ್ರ ಗಡ್ಡೆ ಬೆಳೆದಿದೆ ಎನ್ನಬೇಕು. ಇಲ್ಲದಿದ್ದರೆ ರೋಗಿಯ ಸ್ಥಿತಿ ನೋಡಿಕೊಂಡು ಇನ್ನೊಂದು ಸ್ಕ್ಯಾನ್‌ವರೆಗೆ ಕಾಯಬಹುದು. ಕಾಯುವುದು ಬಹಳ ಕಷ್ಟ, ಆದರೆ ಅದು ನಿರ್ಲಕ್ಷ್ಯವಲ್ಲ.

ಮನೆಯವರು ಮಾಡಬಹುದಾದ ದೊಡ್ಡ ಸಹಾಯವೊಂದಿದೆ. ನಿಮ್ಹಾನ್ಸ್‌ನಲ್ಲಿ ಆಪರೇಷನ್, ಪಕ್ಕದ ಕಿದ್ವಾಯಿಯಲ್ಲಿ ಕರೆಂಟ್, ಎಂಆರ್‌ಐ ಮಾತ್ರ ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಯಾವುದೋ ಸ್ಕ್ಯಾನಿಂಗ್ ಸೆಂಟರಿನಲ್ಲಿ, ಹೀಗೆ ಹಂಚಿಹೋಗುವುದುಂಟು. ಕತ್ತಲ ಕೋಣೆಯಲ್ಲಿ ಕೂತು ರಿಪೋರ್ಟು ಬರೆಯುವ ರೇಡಿಯಾಲಜಿಸ್ಟ್‌ಗೆ ಕರೆಂಟ್ ಯಾವಾಗ ಮುಗಿಯಿತೆಂದು ಗೊತ್ತಿರುವುದಿಲ್ಲ. ಸ್ಕ್ಯಾನ್‌ನ ಅರ್ಜಿಯ ಮೇಲೆ ರೇಡಿಯೊಥೆರಪಿ ಮುಗಿದ ತಾರೀಕು, ಒಟ್ಟು ಗ್ರೇ, ಈಗಿನ ಡೆಕ್ಸಾ ಡೋಸ್ ಬರೆಸಿ. ಹಳೆಯ ಸ್ಕ್ಯಾನ್‌ಗಳ ಸಿಡಿಯನ್ನೂ ಒಯ್ಯಿರಿ, ಫಿಲಂ ಸಾಲದು. ಅನುಮಾನ ಉಳಿದರೆ ರಕ್ತದ ಹರಿವನ್ನು ನೋಡುವ ಪರ್ಫ್ಯೂಷನ್ ಎಂಆರ್‌ಐ ನೆರವಾಗುತ್ತದೆ.

ಬಯಾಪ್ಸಿ ರಿಪೋರ್ಟಿನಲ್ಲಿ ಇನ್ನೊಂದು ಸಾಲು ಹುಡುಕಿ: ಎಂಜಿಎಂಟಿ. ಟೆಮೊಜೊಲೊಮೈಡ್ ಮಾಡಿದ ಪೆಟ್ಟನ್ನು ರಿಪೇರಿ ಮಾಡುವ ಪ್ರೋಟೀನಿನ ವಂಶವಾಹಿ ಇದು. ಗಡ್ಡೆಯಲ್ಲಿ ಈ ವಂಶವಾಹಿಯ ಮೇಲೆ ಮೀಥೈಲ್ ಗುರುತು ಬಿದ್ದಿದ್ದರೆ ಅದು ಮೌನವಾಗಿದೆ ಎಂದರ್ಥ. ಗಡ್ಡೆಗೆ ರಿಪೇರಿ ಮಾಡಿಕೊಳ್ಳಲು ಬಾರದು, ಔಷಧಿ ಚೆನ್ನಾಗಿ ನಾಟುತ್ತದೆ. ‘ಮೀಥೈಲೇಟೆಡ್’ ಎಂದಿದ್ದರೆ ಒಳ್ಳೆಯ ಸುದ್ದಿ. ಸೂಡೊಪ್ರೊಗ್ರೆಶನ್ ಹೆಚ್ಚು ಕಾಣಿಸುವುದೂ ಇಂಥವರಲ್ಲೇ. ಅಂದರೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿರುವವರ ಎಂಆರ್‌ಐಯೇ ಹೆಚ್ಚು ಹೆದರಿಸಬಹುದು.

ನೆನಪಿನ ಜಾಗವನ್ನು ಉಳಿಸುವುದು

ಹೊಸ ನೆನಪು ಕೂಡಿಡಲು ಬೇಕಾದ ಹಿಪ್ಪೊಕ್ಯಾಂಪಸ್ ಎರಡೂ ಕಿವಿಯ ನೇರಕ್ಕೆ, ಆಳದಲ್ಲಿ ಇದೆ. ಅಲ್ಲಿ ಹೊಸ ನರಕೋಶ ಹುಟ್ಟಿಸುವ ತಾಯಿಕೋಶಗಳಿವೆ. ಮಿಷೆಲ್ ಮಾಂಜೆ ಮತ್ತು ಥಿಯೊ ಪಾಮರ್ 2002ರಲ್ಲಿ ಇಲಿಗಳಲ್ಲಿ ತೋರಿಸಿದ ಸಂಗತಿ ಕುತೂಹಲದ್ದು: ಆರೋಗ್ಯವಾಗಿರುವ ತಾಯಿಕೋಶಗಳನ್ನು ತಂದು ವಿಕಿರಣ ಬಿದ್ದ ಹಿಪ್ಪೊಕ್ಯಾಂಪಸ್‌ನಲ್ಲಿ ನೆಟ್ಟರೂ ಅವು ನರಕೋಶ ಹಡೆಯಲಿಲ್ಲ. ಕೆಟ್ಟಿದ್ದು ಕೋಶವಷ್ಟೇ ಅಲ್ಲ, ಸುತ್ತಲಿನ ನೆರೆಹೊರೆಯೂ. ಮರುವರ್ಷ ಅವರೇ ಇಂಡೊಮೆಥಾಸಿನ್ ಎಂಬ ಉರಿಯೂತ ತಗ್ಗಿಸುವ ಔಷಧಿ ಕೊಟ್ಟಾಗ ಇಲಿಗಳಲ್ಲಿ ನರಕೋಶಗಳ ಹುಟ್ಟು ಸ್ವಲ್ಪ ಮಟ್ಟಿಗೆ ಮರಳಿತು. (ಮೆಡಿಕಲ್ ಶಾಪಿಗೆ ಓಡಬೇಡಿ. ಇಲಿಯ ಫಲಿತಾಂಶ ಮನುಷ್ಯರ ಚೀಟಿಯಲ್ಲ. ಡೆಕ್ಸಾ ಜೊತೆ ಆ ಮಾತ್ರೆ ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು. ದೊಡ್ಡವರ ಮಿದುಳಿನಲ್ಲಿ ಹೊಸ ನರಕೋಶ ಎಷ್ಟು ಹುಟ್ಟುತ್ತದೆ ಎಂಬುದರ ಬಗ್ಗೆಯೇ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.)

ಆದರೆ ಈ ತಿಳಿವಳಿಕೆಯಿಂದ ಚಿಕಿತ್ಸೆಯೇ ಬದಲಾಗಿದೆ. ಇಡೀ ಮಿದುಳಿಗೆ ಕೊಡುವಾಗ ಹಿಪ್ಪೊಕ್ಯಾಂಪಸ್‌ಗೆ ಕಿರಣ ಕಡಿಮೆ ಬೀಳುವಂತೆ ಯೋಜಿಸಿ, ಜೊತೆಗೆ ಮೆಮಾಂಟಿನ್ ಮಾತ್ರೆ ಕೊಟ್ಟರೆ ನೆನಪು ಮತ್ತು ಕಲಿಕೆ ಕೆಡುವುದು ತಗ್ಗುತ್ತದೆಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು, ಬದುಕುಳಿಯುವಿಕೆಯಲ್ಲಿ ವ್ಯತ್ಯಾಸವಾಗಲಿಲ್ಲ. ಗಡ್ಡೆ ಆ ಜಾಗದ ಹತ್ತಿರವೇ ಇದ್ದರೆ ಇದು ಆಗದು. ಗಡ್ಡೆಗಳು ಕೆಲವೇ ಇದ್ದರೆ ಇಡೀ ಮಿದುಳನ್ನು ಬಿಟ್ಟು ಅವುಗಳಿಗೆ ಮಾತ್ರ ಗುರಿಯಿಡುವ ರೇಡಿಯೊಸರ್ಜರಿ ಸಾಧ್ಯವೇ ಎಂದೂ ಕೇಳಬೇಕು. ಈ ಎರಡು ಪ್ರಶ್ನೆಗಳನ್ನು ಪ್ಲಾನಿಂಗ್ ಸಿಟಿ ಸ್ಕ್ಯಾನ್ ಆಗುವ ಮೊದಲೇ ಕೇಳಿ. ಐದನೇ ಕಂತಿನ ದಿನ ಕೇಳಿದರೆ ಡಾಕ್ಟರು ಏನೂ ಮಾಡಲಾರರು.

ಮಕ್ಕಳ ವಿಚಾರದಲ್ಲಿ ಇನ್ನೂ ಬಿಗಿ. ಮೂರು ವರ್ಷದೊಳಗಿನವರಿಗೆ ಸಾಧ್ಯವಾದಷ್ಟೂ ತಪ್ಪಿಸುತ್ತಾರೆ ಅಥವಾ ಮುಂದೂಡುತ್ತಾರೆ. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಮುಂಜಾಗ್ರತೆಯಾಗಿ ತಲೆಗೆ ಕೊಡುತ್ತಿದ್ದ ವಿಕಿರಣವನ್ನು ಕೈಬಿಡಬಹುದೆಂದು ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಅಧ್ಯಯನ 2009ರಲ್ಲಿ ತೋರಿಸಿದ ಮೇಲೆ ಆ ಪದ್ಧತಿಯೇ ಕಡಿಮೆಯಾಗಿದೆ.

ಉರಿಯೂತ ತಗ್ಗಿಸುವುದು ಎಂದಾಗ ಅರಿಶಿನದ ಮಾತು ಬಾರದೆ ಇರುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಅರಿಶಿನದ ಕರ್ಕ್ಯುಮಿನ್ ಎನ್‌ಎಫ್-ಕಪ್ಪಾಬಿಯನ್ನು ತಡೆಯುವುದು ನಿಜ. ನುಂಗಿದಾಗ ರಕ್ತ ಸೇರುವುದು ತೀರಾ ಕಡಿಮೆ. ಸಾರಿಗೆ ಹಾಕುವ ಅರಿಶಿನ ಎಂದಿನಂತೆ ಇರಲಿ. ಕ್ಯಾಪ್ಸೂಲು, ‘ಆ್ಯಂಟಿಆಕ್ಸಿಡೆಂಟ್’ ಪೌಡರು ಚಿಕಿತ್ಸೆ ನಡೆಯುವಾಗ ಬೇಡ. ಕಿರಣ ಗಡ್ಡೆಯನ್ನು ಕೊಲ್ಲುವುದೇ ಬಹುಪಾಲು ಆಕ್ಸಿಡೀಕರಣದಿಂದ.

ಮನೆಯವರಿಗೆ ಗೊತ್ತಿರಬೇಕಾದ ಇನ್ನೊಂದು ಮಾತು: ಫಿಟ್ಸ್ ಬಂದಾಗ ಕೈಗೆ ಬೀಗದಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಫಿಟ್ಸ್‌ಗೆ ಕೊಡುವ ಫಿನಿಟಾಯಿನ್ ಮಾತ್ರೆ ತೆಗೆದುಕೊಳ್ಳುತ್ತ ತಲೆಗೆ ಕರೆಂಟ್ ಪಡೆಯುವವರಲ್ಲಿ ಅಪರೂಪಕ್ಕೆ ಜೋರಾದ ಚರ್ಮದ ಅಲರ್ಜಿ ಬರುತ್ತದೆ. ಡೆಕ್ಸಾ ಇಳಿಸುವ ದಿನಗಳಲ್ಲಿ ನೆತ್ತಿಯಿಂದ ಕೆಂಪು ಗಂದೆ ಶುರುವಾಗಿ ಬಾಯಲ್ಲಿ ಹುಣ್ಣು, ಕಣ್ಣು ಕೆಂಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ರಾತ್ರಿಯಾಗಿದ್ದರೂ ಸರಿ.

ವರ್ಷಗಳ ನಂತರ

ಆರು ತಿಂಗಳಿಂದ ಒಂದೆರಡು ವರ್ಷದ ನಡುವೆ ಕೆಲವರಲ್ಲಿ ಕಿರಣ ಬಿದ್ದ ಜಾಗದ ಅಂಗಾಂಶ ಸಾಯುತ್ತದೆ. ಇದೇ ರೇಡಿಯೇಶನ್ ನೆಕ್ರೋಸಿಸ್. ರಕ್ತನಾಳಗಳು ಹಾಳಾಗಿ ಆಮ್ಲಜನಕ ಕಡಿಮೆಯಾದಾಗ ಕೋಶಗಳು ವಿಇಜಿಎಫ್ ವಂಶವಾಹಿಯನ್ನು ಚಾಲೂ ಮಾಡುತ್ತವೆ. ಹೊಸ ನಾಳಗಳು ಹುಟ್ಟುತ್ತವೆ, ಆದರೆ ಸೋರುವ ನಾಳಗಳು. ಮತ್ತೆ ಊತ. ಸ್ಟೆರಾಯ್ಡ್‌ಗೆ ಬಗ್ಗದಿದ್ದರೆ ವಿಇಜಿಎಫ್ ಅನ್ನು ಹಿಡಿದುಹಾಕುವ ಬೆವಾಸಿಝುಮಾಬ್ ಇಂಜೆಕ್ಷನ್ ಇದೆ, ಆಪರೇಷನ್ ಇದೆ. ಪಿಟ್ಯುಟರಿ ಗ್ರಂಥಿಗೆ ಕಿರಣ ತಾಗಿದ್ದವರಲ್ಲಿ ಥೈರಾಯ್ಡ್ ಮತ್ತಿತರ ಹಾರ್ಮೋನು ಎಷ್ಟೋ ವರ್ಷದ ನಂತರ ಕುಸಿಯಬಹುದು. ಕಾರಣವಿಲ್ಲದ ಸುಸ್ತು, ತೂಕ ಏರುವುದು, ತಿಂಗಳ ಮುಟ್ಟು ನಿಲ್ಲುವುದು ಕಂಡರೆ ರಕ್ತಪರೀಕ್ಷೆ ಮಾಡಿಸಿ. ಮಕ್ಕಳಿದ್ದರೆ ಎತ್ತರವನ್ನು ಆಗಾಗ ಅಳೆಸಿ.

ಅಷ್ಟು ವರ್ಷದ ಮೇಲೆ ನೋಡುವ ಡಾಕ್ಟರು ಬೇರೆಯವರಾಗಿರುತ್ತಾರೆ. ಚಿಕಿತ್ಸೆ ಮುಗಿದ ದಿನವೇ ರೇಡಿಯೊಥೆರಪಿ ಸಮರಿ ಕೇಳಿ ಪಡೆಯಿರಿ: ಯಾವ ಭಾಗಕ್ಕೆ, ಒಟ್ಟು ಎಷ್ಟು ಗ್ರೇ, ಎಷ್ಟು ಕಂತು, ಶುರುವಾದ ಮತ್ತು ಮುಗಿದ ತಾರೀಕು. ಅದರ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇಡಿ. ಮತ್ತೊಮ್ಮೆ ಕರೆಂಟ್ ಕೊಡಬೇಕಾಗಿ ಬಂದರೆ ಮೊದಲು ಕೇಳುವುದೇ ಆ ಹಾಳೆಯನ್ನು.